ನಿವೃತ್ತಿ ವೀಸಾ: ಒಡೆತನಕ್ಕೆ ತಿರುಗದ ಗೇಣಿ

ನಿವೃತ್ತಿ ವೀಸಾ ಎಂಬುದು ದುಡಿಮೆಯ ವಯಸ್ಸು ದಾಟುತ್ತಿರುವ ವಿದೇಶಿಯರಿಗೆ ಒಂದು ದೇಶ ಕೊಡುವ ವಾಸದ ಪರವಾನಗಿ. ಪಡೆದವರು ಸಾಮಾನ್ಯವಾಗಿ ಅಲ್ಲಿ ನೌಕರಿ ಮಾಡುವಂತಿಲ್ಲ. ಪಿಂಚಣಿ, ಬಡ್ಡಿ, ಬಾಡಿಗೆಯಂಥ ಹೊರಗಿನ ವರಮಾನದಲ್ಲಿ ಬದುಕಬೇಕು. ಆತಿಥೇಯ ದೇಶಕ್ಕೆ ಇದು ಒಳ್ಳೆಯ ವ್ಯವಹಾರ. ಸ್ಥಳೀಯರ ಕೆಲಸಕ್ಕೆ ಕೈ ಹಾಕದೆ, ತಿಂಗಳು ತಿಂಗಳೂ ವಿದೇಶಿ ಹಣ ತಂದು ಖರ್ಚು ಮಾಡುವ ಒಕ್ಕಲು ಸಿಗುತ್ತದೆ. ಬಂದವರಿಗೆ ಕಡಿಮೆ ಖರ್ಚಿನ ಜೀವನ, ಬೆಚ್ಚಗಿನ ಹವೆ, ಕೈಗೆಟಕುವ ಆಸ್ಪತ್ರೆ. ತೊಡಕಿರುವುದು ಕರಾರಿನಲ್ಲಿ: ಷರತ್ತು ಬರೆಯುವವರೂ ತಿದ್ದುವವರೂ ಒಂದೇ ಕಡೆಯವರು.

ಥಾಯ್ಲೆಂಡ್ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿ 50 ವರ್ಷ ತುಂಬಿದವರು ನಿವೃತ್ತಿಯ ಆಧಾರದ ಮೇಲೆ ವರ್ಷದ ಮಟ್ಟಿಗೆ ವಾಸ್ತವ್ಯ ಪಡೆಯಬಹುದು. ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು. ನವೀಕರಣದ ದಿನ ಅರ್ಜಿದಾರರು ಬ್ಯಾಂಕಿನ ಪತ್ರ, ಅಂದೇ ನಮೂದು ಮಾಡಿಸಿದ ಪಾಸ್‌ಬುಕ್, 1,900 ಬಾತ್ ಶುಲ್ಕ ಹಿಡಿದು ವಲಸೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಾರೆ. 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ವಿದೇಶಿಯೊಬ್ಬರು ತಂಗಿದ 24 ಗಂಟೆಯೊಳಗೆ ಮನೆ ಮಾಲೀಕರು ಸುದ್ದಿ ಮುಟ್ಟಿಸಬೇಕು. ಮರುಪ್ರವೇಶದ ಅನುಮತಿ ಪಡೆಯುವುದನ್ನು ಮರೆತು ಮೊಮ್ಮಗಳ ಮದುವೆಗೆಂದು ವಿಮಾನ ಹತ್ತಿದರೆ ವಾಸ್ತವ್ಯವೇ ರದ್ದಾಗುತ್ತದೆ. ಮೊದಲಿನಿಂದ ಶುರು ಮಾಡಬೇಕು.

ಷರತ್ತುಗಳು ನಿಂತಲ್ಲಿ ನಿಲ್ಲುವುದೂ ಇಲ್ಲ. ಹಿಂದೆ ಮಾಸಿಕ ವರಮಾನಕ್ಕೆ ಆಯಾ ರಾಯಭಾರ ಕಚೇರಿ ಕೊಡುವ ಪತ್ರವೇ ಸಾಕಿತ್ತು. 2018ರ ಕೊನೆ ಮತ್ತು 2019ರ ಆರಂಭದ ನಡುವೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾ ಆ ಪತ್ರ ಕೊಡುವುದನ್ನು ನಿಲ್ಲಿಸಿದವು. ಪತ್ರ ನೆಚ್ಚಿಕೊಂಡಿದ್ದವರು ಪ್ರತಿ ತಿಂಗಳೂ ಹೊರದೇಶದಿಂದ ಹಣ ಬಂದದ್ದಕ್ಕೆ ಬ್ಯಾಂಕ್ ದಾಖಲೆ ಒದಗಿಸಬೇಕಾಯಿತು, ಇಲ್ಲವೇ ದೊಡ್ಡ ಠೇವಣಿ ಹೊಂದಿಸಬೇಕಾಯಿತು. 2019ರಲ್ಲೇ ಠೇವಣಿಯ ನಿಯಮವೂ ಬಿಗಿಯಾಯಿತು: ನವೀಕರಣಕ್ಕೆ ಮುನ್ನ ಎರಡು ತಿಂಗಳು, ನಂತರ ಮೂರು ತಿಂಗಳು ಪೂರ್ಣ ಮೊತ್ತವನ್ನು ಮುಟ್ಟುವಂತಿಲ್ಲ, ಉಳಿದ ತಿಂಗಳುಗಳಲ್ಲೂ ಶಿಲ್ಕು 4 ಲಕ್ಷ ಬಾತ್‌ಗಿಂತ ಕೆಳಗಿಳಿಯಬಾರದು. ಆಪತ್ಕಾಲಕ್ಕೆಂದು ಕೂಡಿಟ್ಟ ಹಣ ಆಪತ್ತಿನಲ್ಲೂ ಕೈಗೆ ಸಿಗದ ಹಣವಾಯಿತು. 2019ರ ಅಕ್ಟೋಬರ್ 31ರಿಂದ ನಿವೃತ್ತರಿಗೆ ಕೊಡುವ ‘ಒ-ಎ’ ವರ್ಗದ ವೀಸಾಕ್ಕೆ ಆರೋಗ್ಯ ವಿಮೆ ಕಡ್ಡಾಯವಾಯಿತು. ಎಪ್ಪತ್ತೈದು ದಾಟಿದವರಿಗೆ, ಹಳೆಯ ಕಾಯಿಲೆ ಇದ್ದವರಿಗೆ ಪಾಲಿಸಿ ಸಿಗುವುದೇ ದುಸ್ತರ. 2024ರ ಜನವರಿಯಿಂದ ತೆರಿಗೆಯ ಲೆಕ್ಕವೂ ಬದಲಾಗಿ, ವರ್ಷದಲ್ಲಿ 180 ದಿನ ಅಲ್ಲಿರುವವರು ಹೊರಗಿನಿಂದ ತರುವ ಆದಾಯ, ಅದು ಯಾವ ವರ್ಷದ ಗಳಿಕೆಯಾದರೂ, ತೆರಿಗೆಯ ವ್ಯಾಪ್ತಿಗೆ ಬಂತು. 2024ಕ್ಕೆ ಮೊದಲಿನ ಗಳಿಕೆಗೆ ಮಾತ್ರ ವಿನಾಯಿತಿ.

ಇದೇ ದೇಶ 2022ರ ಸೆಪ್ಟೆಂಬರ್‌ನಲ್ಲಿ ಹತ್ತು ವರ್ಷದ ಇನ್ನೊಂದು ವೀಸಾ ತೆರೆಯಿತು. ವರ್ಷಕ್ಕೆ 80,000 ಡಾಲರ್ ಪಿಂಚಣಿ ಬರುವ ಸಿರಿವಂತರಿಗೆ ಅದು ಸಿಗುತ್ತದೆ. ಹೊರಗಿನ ಆದಾಯಕ್ಕೆ ತೆರಿಗೆ ವಿನಾಯಿತಿಯೂ ಉಂಟು. ಅಂದರೆ ಬಿಗಿ ಹೆಚ್ಚಿರುವುದು ಸಾಧಾರಣ ಪಿಂಚಣಿದಾರರಿಗೆ. ಥಾಯ್ಲೆಂಡ್‌ನಲ್ಲಿ ನೆಲೆಸಿದ ಬ್ರಿಟಿಷರ ಸರ್ಕಾರಿ ಪಿಂಚಣಿ ವರ್ಷ ವರ್ಷ ಏರುವುದಿಲ್ಲ. ಮೊದಲ ದಿನದ ಮೊತ್ತಕ್ಕೇ ನಿಂತಿರುತ್ತದೆ. ಬೆಲೆಗಳೂ ವಿಮೆಯ ಕಂತೂ ಏರುತ್ತಲೇ ಇರುತ್ತವೆ.

ಮಲೇಷ್ಯಾದ ಕಥೆ ಇನ್ನೂ ನೇರ. 2002ರಲ್ಲಿ ಆರಂಭವಾದ ‘ಮಲೇಷ್ಯಾ ಮೈ ಸೆಕೆಂಡ್ ಹೋಮ್’ ಯೋಜನೆ ಹತ್ತು ವರ್ಷದ ವೀಸಾ ಕೊಡುತ್ತಿತ್ತು. 2020ರಲ್ಲಿ ಅದು ಸ್ಥಗಿತಗೊಂಡು, 2021ರಲ್ಲಿ ಹೊಸ ರೂಪದಲ್ಲಿ ಮರಳಿದಾಗ ಮಾಸಿಕ ವರಮಾನದ ಮಿತಿ 10,000 ರಿಂಗಿಟ್‌ನಿಂದ 40,000ಕ್ಕೆ ಜಿಗಿದಿತ್ತು. ಠೇವಣಿ 10 ಲಕ್ಷ ರಿಂಗಿಟ್ ಆಗಿತ್ತು. ವೀಸಾದ ಅವಧಿ ಐದು ವರ್ಷಕ್ಕೆ ಇಳಿದಿತ್ತು. ಮೊದಲೇ ನೆಲೆಸಿದ್ದವರಿಗೂ ಇದು ಅನ್ವಯಿಸುತ್ತದೆ ಎಂಬ ಮಾತು ಎದ್ದಾಗ ಕೋಲಾಹಲವಾಯಿತು. ಜೋಹೋರ್‌ನ ಸುಲ್ತಾನರೇ ಬಹಿರಂಗವಾಗಿ ಆಕ್ಷೇಪಿಸಿದರು; ಸರ್ಕಾರ ಹಳಬರ ವಿಷಯದಲ್ಲಿ ಹಿಂದೆ ಸರಿಯಿತು. 2024ರಲ್ಲಿ ಯೋಜನೆಯನ್ನು ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ವಿಂಗಡಿಸಿ, ಠೇವಣಿಯ ಜತೆಗೆ ಮನೆ ಖರೀದಿಯನ್ನೂ ಕಡ್ಡಾಯ ಮಾಡಲಾಯಿತು.

ಯುರೋಪಿನಲ್ಲಿ ಚಿತ್ರ ಸ್ವಲ್ಪ ಬೇರೆ. ಪಿಂಚಣಿ, ಬಾಡಿಗೆಯಂಥ ವರಮಾನವಿರುವವರಿಗೆ ಪೋರ್ಚುಗಲ್ ಕೊಡುವ ‘ಡಿ7’ ವೀಸಾದಡಿ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದವರು ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಅಲ್ಲಿಯೂ ತೆರಿಗೆಯ ಆಮಿಷ ಶಾಶ್ವತವಾಗಿ ಉಳಿಯಲಿಲ್ಲ: 2009ರಿಂದ ವಿದೇಶಿ ಪಿಂಚಣಿಗೆ ಇದ್ದ ವಿನಾಯಿತಿಯ ಜಾಗಕ್ಕೆ 2020ರಲ್ಲಿ ಶೇ 10ರ ತೆರಿಗೆ ಬಂತು, 2024ರಿಂದ ಹೊಸಬರಿಗೆ ಆ ಸೌಲಭ್ಯವೇ ಮುಚ್ಚಿತು. ಆದರೂ ಕಳೆದ ವರ್ಷಗಳು ಲೆಕ್ಕಕ್ಕೆ ಸೇರುತ್ತವೆ. ಥಾಯ್ಲೆಂಡ್‌ನಲ್ಲಿ ನಿವೃತ್ತಿಯ ವಾಸ್ತವ್ಯ ಇಪ್ಪತ್ತು ವರ್ಷವಾದರೂ ಅದು ಕಾಯಂ ನಿವಾಸಕ್ಕೆ ದಾರಿಯಾಗುವುದಿಲ್ಲ. ವಿದೇಶಿಯರು ಸಾಮಾನ್ಯವಾಗಿ ಜಮೀನು ಕೊಳ್ಳುವಂತಿಲ್ಲ. ಒಂದು ಕಟ್ಟಡದ ಫ್ಲ್ಯಾಟುಗಳಲ್ಲಿ ಶೇ 49ರಷ್ಟು ವಿಸ್ತೀರ್ಣ ಮಾತ್ರ ಅವರ ಹೆಸರಿನಲ್ಲಿರಬಹುದು. ಕರ್ನಾಟಕದ ಭೂಸುಧಾರಣೆ ‘ಉಳುವವನೇ ಹೊಲದೊಡೆಯ’ ಎಂದು ಗೇಣಿದಾರನ ವರ್ಷಗಳಿಗೆ ಬೆಲೆ ಕಟ್ಟಿತು. ನಿವೃತ್ತಿ ವೀಸಾದ ಗೇಣಿಯಲ್ಲಿ ಅಂಥ ಕಲಮೇ ಇಲ್ಲ.

ಭಾರತದಿಂದ ಹೊರಡುವವರಿಗೆ ಇನ್ನೂ ಕೆಲವು ಲೆಕ್ಕಗಳಿವೆ. ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿಯೊಬ್ಬರು ಆರ್ಥಿಕ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಮಾತ್ರ ಹೊರಗೆ ಕಳಿಸಬಹುದು. ಸರ್ಕಾರಿ ಪಿಂಚಣಿದಾರರು ಎಲ್ಲಿದ್ದರೂ ವರ್ಷಕ್ಕೊಮ್ಮೆ ಜೀವನ ಪ್ರಮಾಣಪತ್ರ ಸಲ್ಲಿಸಬೇಕು. ಇಲ್ಲಿನ ಆರೋಗ್ಯ ವಿಮೆ ಅಲ್ಲಿ ಬಹುತೇಕ ನಡೆಯುವುದಿಲ್ಲ. ರೂಪಾಯಿ ಕುಸಿದರೆ ಬೆಂಗಳೂರಿನ ಬಾಡಿಗೆ ವರಮಾನದಿಂದ ಬಾತ್ ಲೆಕ್ಕದ ಮಿತಿ ಮುಟ್ಟುವುದು ಕಷ್ಟ.

ವಲಸೆ ನೀತಿ ಬದಲಿಸುವ ಅಧಿಕಾರ ಯಾವ ದೇಶಕ್ಕೂ ಇದೆ. ಆದರೆ ಅರುವತ್ತರಲ್ಲಿ ಮನೆ ಮಾರಿ ಬಂದವರನ್ನು ಎಪ್ಪತ್ತೈದರಲ್ಲಿ ಹೊಸ ಷರತ್ತಿನ ಮುಂದೆ ನಿಲ್ಲಿಸುವುದು ನ್ಯಾಯವಲ್ಲ. ಆ ವಯಸ್ಸಿಗೆ ಮರಳಿ ಹೋಗಲು ಮನೆಯಾಗಲಿ ಬಳಗವಾಗಲಿ ಉಳಿದಿರುವುದಿಲ್ಲ. ಬಂದ ದಿನದ ಷರತ್ತು ಬಂದವರ ಮಟ್ಟಿಗೆ ಕೊನೆತನಕ ಉಳಿಯಬೇಕು, ಇಂತಿಷ್ಟು ವರ್ಷ ನಿಯಮ ಪಾಲಿಸಿದವರಿಗೆ ಕಾಯಂ ನಿವಾಸದ ಬಾಗಿಲು ತೆರೆಯಬೇಕು. ಮಲೇಷ್ಯಾ ಹಳಬರ ವಿಷಯದಲ್ಲಿ ಮಣಿದದ್ದೂ ಪೋರ್ಚುಗಲ್ ಐದು ವರ್ಷಕ್ಕೆ ಬೆಲೆ ಕೊಡುವುದೂ ಇವೆರಡು ಅಸಾಧ್ಯವಲ್ಲ ಎಂದು ತೋರಿಸುತ್ತವೆ. ಅಲ್ಲಿಯವರೆಗೆ ಹೊರಡುವವರು ಹಳೆಯ ಊರಿನ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟು ಹೋಗುವುದು ಲೇಸು.