ರಾತ್ರಿಯ ತಂಪು, ಹಗಲಿನ ಆಫೀಸು

ಮುಂಬೈನ ನಮ್ಮ ಆಫೀಸಿಗೆ ನೈರೋಬಿಯ ಇಪ್ಪತ್ತು ಮಹಡಿ ಕಟ್ಟಡದ ಕೆಲಸ ಬಂದಿದೆ: ಕೆಳಗೆ ಅಂಗಡಿ, ನಡುವೆ ಆಫೀಸು, ಮೇಲೆ ಮನೆಗಳು. ಅಭ್ಯಾಸಬಲದಿಂದ ಸುತ್ತಲೂ ಗಾಜು, ಎಲ್ಲೆಡೆ ಏಸಿ ಹಾಕಿ ನಕ್ಷೆ ಬರೆದೆ. ಆಮೇಲೆ ಅಲ್ಲಿನ ಹವೆ ನೋಡಿದೆ. ಸಮಭಾಜಕದ ಪಕ್ಕದ ಊರಾದರೂ ಸುಮಾರು 1,700 ಮೀಟರ್ ಎತ್ತರದಲ್ಲಿದೆ, ರಾತ್ರಿ ತಂಪು.

ಮೈಸೂರಿನ ಅಜ್ಜಿ ನೆನಪಾದರು. ಬೇಸಿಗೆಯಲ್ಲಿ ರಾತ್ರಿಯೆಲ್ಲ ಕಿಟಕಿ ತೆರೆದಿಟ್ಟು, ಬಿಸಿಲೇರುವ ಮುಂಚೆ ಮುಚ್ಚುತ್ತಿದ್ದರು.

ಹರಾರೆಯಲ್ಲಿ 1996ರಲ್ಲಿ ತೆರೆದ ಈಸ್ಟ್‌ಗೇಟ್ ಸೆಂಟರ್ ನಡೆಯುವುದೂ ಹಾಗೆಯೇ. ಅಂಗಡಿ, ಆಫೀಸುಗಳಿರುವ ಆ ಕಟ್ಟಡಕ್ಕೆ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ಗೆದ್ದಲಿನ ಹುತ್ತದಿಂದ ಸ್ಫೂರ್ತಿ ಪಡೆದರು. ರಾತ್ರಿ ಫ್ಯಾನುಗಳು ತಣ್ಣನೆ ಗಾಳಿಯನ್ನು ನೆಲದಡಿಯ ಪೊಳ್ಳಿಗೆ ತಳ್ಳುತ್ತವೆ. ಕಾಂಕ್ರೀಟು ಆ ತಂಪನ್ನು ಹಗಲಿಗೆ ಕಾಯ್ದಿಡುತ್ತದೆ. ಬಿಸಿಗಾಳಿ ಚಿಮಣಿಗಳಿಂದ ಹೊರಗೆ.

ನಕ್ಷೆ ಮತ್ತೆ ಬರೆದೆ. ಉದ್ದನೆಯ ಗೋಡೆಗಳು ಉತ್ತರ, ದಕ್ಷಿಣಕ್ಕೆ; ಬಿಸಿಲು ನೇರವಾಗಿ ಹೊಡೆಯುವ ಪೂರ್ವ, ಪಶ್ಚಿಮದಲ್ಲಿ ಲಿಫ್ಟು, ಮೆಟ್ಟಿಲು. ಕಿಟಕಿಗಳಿಗೆ ಸಜ್ಜಾ. ಆಫೀಸು ರಾತ್ರಿ ಖಾಲಿ, ಆಗ ಫ್ಯಾನು ಓಡಲಿ. ಮನೆಯವರಿಗೆ ಕಿಟಕಿ ತೆರೆದರೆ ಸಾಕು. ತಾರಸಿ ಚಿಕ್ಕದು, ಸೋಲಾರ್ ಬಿಸಿನೀರು ಮೇಲಿನ ಕೆಲವು ಮಹಡಿಗಳಿಗಷ್ಟೇ.

ಮಾಲೀಕರು ಇನ್ನೂ ಒಪ್ಪಿಲ್ಲ. "ಗಾಜಿಲ್ಲದಿದ್ದರೆ ಬಾಡಿಗೆಗೆ ಯಾರು ಬರ್ತಾರೆ?" ಎನ್ನುತ್ತಾರೆ. ಸೋಮವಾರ ಮತ್ತೆ ಮಾತುಕತೆ. ಹರಾರೆಯ ಫೋಟೊ ತೋರಿಸುತ್ತೇನೆ. ಅಜ್ಜಿಯ ಕಥೆಯನ್ನೂ ಹೇಳುತ್ತೇನೆ.