ಹಿಂದಿನ ಗಲ್ಲಿಯವರ ಸಂಘ

ಬೆಂಗಳೂರಿನ ಬಡಾವಣೆ ಕಥೆ ನಮ್ಮ ತೆಂಗಿನ ಸೀಮೆಗೆ ಯಾಕೆ ಎನ್ನಬೇಡಿ. 1898ರ ಪ್ಲೇಗಿಗೆ ಹೆದರಿ ಪೇಟೆಯ ಜನ ಹೊರಬಿದ್ದಾಗ ಬಸವನಗುಡಿ, ಮಲ್ಲೇಶ್ವರಂ ಬೆಳೆದವು. ಅಗಲ ರಸ್ತೆ, ಪಾರ್ಕು, ಯಾವ ಬ್ಲಾಕು ಯಾವ ಜಾತಿಗೆ ಎಂಬ ಗೆರೆ. ನಕ್ಷೆಯಲ್ಲಿ ನಮ್ಮವರಿಗೂ ಜಾಗ ಇತ್ತು ಸ್ವಾಮಿ! ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ. ಮಲ ಹೊರುವವರು ಮುಂಬಾಗಿಲ ಕಡೆ ಸುಳಿಯದೆ ಬಂದು ಹೋಗಲಿಕ್ಕೆ. 1970ರ ದಶಕದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಗಲ್ಲಿಗಳು ಇನ್ನೂ ಇವೆ.

ಮುಂಬಾಗಿಲಿನವರು ಸಂಘ ಕಟ್ಟಿದರು, ವಾಚನಾಲಯ, ಶಾಲೆ ಮಾಡಿದರು. ಕೈಯಲ್ಲಿ ನಿವೇಶನದ ಪತ್ರ ಇದ್ದವರ ದನಿಯೇ ಬೇರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸರ್ಕಾರ ನಮಗೆ ಗೆರೆ ಎಳೆದು ಕೊಟ್ಟ ಬಡಾವಣೆ ಅಂದರೆ ಜನತಾ ಕಾಲೋನಿ. ಕಾಯಿ ಸುಲಿಯುವ ಎಷ್ಟೋ ಕೈಗಳಲ್ಲಿ ಹಕ್ಕುಪತ್ರವೇ ಇಲ್ಲ. ಕಾಯಿ ಅಟ್ಟದ ಮೇಲೆ ವರ್ಷ ಕೂತರೆ ಕೊಬ್ಬರಿ ಆಗುತ್ತೆ. ನಮ್ಮ ಅರ್ಜಿ ಕಚೇರಿ ಅಟ್ಟದಲ್ಲಿ ಎಷ್ಟು ವರ್ಷ ಒಣಗಿದರೂ ಪತ್ರ ಆಗಲ್ಲ.

ಹಾಸ್ಟೆಲ್ ಗೆಳೆಯರೇ, ಈ ರಜಕ್ಕೆ ಊರಿಗೆ ಹೋದಾಗ ಮನೆಮನೆ ಲೆಕ್ಕ ಬರೆಯಿರಿ ಎನ್ನುತ್ತೇವೆ ನಾವು. ಯಾರಿಗೆ ಹಕ್ಕುಪತ್ರ ಇದೆ, ಯಾರ ಹೆಸರು ಪಂಚಾಯ್ತಿ ಖಾತೆಯಲ್ಲಿ ಇಲ್ಲ, ಸ್ಮಶಾನಕ್ಕೆ ದಾರಿ ಎಲ್ಲಿ. ಅವ್ವಂದಿರನ್ನೂ ಕೂರಿಸಿಕೊಂಡು ಸಂಘ ಮಾಡಿ. ಯಜಮಾನರಷ್ಟೇ ಸೇರಿದರೆ ಅದು ಹಳೇ ನ್ಯಾಯಕಟ್ಟೆಯೇ. ಗ್ರಾಮಸಭೆ ದಿನ ಪಟ್ಟಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.