ಹೊಸ ಗಿಡಕ್ಕೆ ಈಗಲೇ ಅವಸರವೇಕೆ?

ಯುಗಾದಿ ಹತ್ತಿರ ಬಂತೆಂದರೆ ಸಾಕು, ನರ್ಸರಿಗೆ ಹೋಗಿ ನಾಲ್ಕು ಹೊಸ ಗಿಡ ತರೋಣ ಅನ್ನಿಸುತ್ತದೆ ಅಲ್ವಾ? ಸ್ವಲ್ಪ ತಾಳಿ. ಬೆಂಗಳೂರಿನ ಬಾಲ್ಕನಿಯಲ್ಲಿ ಚಿಗುರಿನ ಜೊತೆಗೇ ಬಿರುಬಿಸಿಲೂ ಬರುತ್ತದೆ. ಇರುವ ಕುಂಡಗಳಿಗೇ ನೀರು ಸಾಲದು. ಮೇಲೆ ಮನೆಯವರ ಮಾತು ಬೇರೆ: 'ಕುಡಿಯೋಕೇ ನೀರಿಲ್ಲ, ನಿನ್ನ ಗಿಡಕ್ಕೆ ಎಲ್ಲಿಂದ ತರೋದು?' ಅವರಿಗೇ ಪೂಜೆಗೆ ಹೂವು, ಸಾರಿಗೆ ಕರಿಬೇವು ಬೇಕೇ ಬೇಕು!

ಆದರೂ ಆ ಮಾತನ್ನು ತಳ್ಳಿಹಾಕುವಂತಿಲ್ಲ. 2024ರ ಮಾರ್ಚ್‌ನಲ್ಲಿ ನಗರದ ಜಲಮಂಡಳಿ, ಗಿಡಗಳಿಗೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಹಾಗಂತ ಗಿಡ ಒಣಗಿಸಬೇಕಿಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು ಅಂದಂದೇ ಹಾಕಿ. ಬಿಸಿಲಿಳಿದ ಮೇಲಾದರೆ ಒಳ್ಳೆಯದು. ಮಣ್ಣಿನ ಮೇಲೆ ತೆಂಗಿನ ನಾರು, ಒಣಗಿದ ಎಲೆ ಹರಡಿದರೆ ತೇವ ಬೇಗ ಆರುವುದಿಲ್ಲ.

ದಾಸವಾಳದ ಮೊಗ್ಗಿಗೆ ಬಿಳಿ ಹಿಟ್ಟಿನಂಥ ಹುಳು ಮೆತ್ತಿಕೊಂಡಿದೆಯೇ? ಅಲ್ಲಿ ಸಾಲುಗಟ್ಟಿರುವ ಇರುವೆಗಳೇ ಅದಕ್ಕೆ ಕಾವಲು! ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಿ.

ಕುಂಡ ಬದಲಿಸುವುದು, ಹೊಸ ಗಿಡ ತರುವುದು ಎಲ್ಲಾ ಮಳೆ ಬಿದ್ದ ಮೇಲಿರಲಿ. ಅಲ್ಲಿಯವರೆಗೆ ಇರುವುದನ್ನು ಉಳಿಸಿಕೊಂಡರೆ ಅದೇ ದೊಡ್ಡದು. ಅಂದಹಾಗೆ, ನೀರು ಹೊರುವ ಕೆಲಸ ನಿಮ್ಮೊಬ್ಬರದೇ ಯಾಕೆ? ಹೂವು ಕೇಳುವವರ ಕೈಗೂ ಒಂದು ಚೊಂಬು ಕೊಡಿ!